ನಾಲ್ಕನೆಯ ಸಾಲಿನ ನಡುವಿನ ಆರು

ನಾನು ಹಲಗೆಯಾಗುವ ಮುಂಚೆ ಮಗ್ಗದ ತೊಲೆಯಾಗಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಗದ್ದಲದ ನಡುವೆಯೂ ಕಿವಿಗೊಟ್ಟು ಕೇಳುವ ಗುಣ ನನಗೆ ಬಂದದ್ದು ಅಲ್ಲಿಂದಲೇ. ಮೂವತ್ತು ವರ್ಷ ಲಾಳಿಯ ಲಟಕ್ಕು ಪಟಕ್ಕು ಕೇಳಿದ ತೇಗದ ಮರ ನಾನು. ಮಗ್ಗ ಮುರಿದ ಮೇಲೆ ಒಲೆಗಾದರೂ ಆದೀತೆಂದು ನನ್ನನ್ನು ಹಿತ್ತಲಿಗೆ ಒಗೆದಿದ್ದರು. ಅಲ್ಲಿಂದ ಹೆಗಲ ಮೇಲೆ ಹೊತ್ತು ತಂದವರು ಬಡಗಿ ಮತ್ತಾಯಪ್ಪ. ಅವರೇ ನನ್ನನ್ನು ಸೀಳಿ, ಕೀಸಿ, ಉಜ್ಜಿ, ನೆಲಗುದ್ರಿಯ ದೇವಾಲಯಕ್ಕೆ ಹಾಡಿನ ಹಲಗೆ ಮಾಡಿದರು.

ಹಾಡಿನ ಹಲಗೆ ಅಂದರೆ ಏನೆಂದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ನೆಲಗುದ್ರಿ ನೇಕಾರರ ಊರು. ಊರ ಅಂಚಿನಲ್ಲಿ ಮಿಶನ್ ಆಸ್ಪತ್ರೆ, ಅದರ ಆವರಣದಲ್ಲೇ ಕಲ್ಲಿನ ಚರ್ಚು. ನಮ್ಮವರು ಅದನ್ನು ಗುಡಿ ಅಂತಲೂ ಕರೆಯುತ್ತಾರೆ. ಭಾನುವಾರದ ಆರಾಧನೆಯಲ್ಲಿ ಯಾವ ಯಾವ ಸಂಗೀತ, ಅಂದರೆ ಭಕ್ತಿಗೀತೆ, ಹಾಡಬೇಕೆಂದು ಸಂಗೀತ ಪುಸ್ತಕದ ಸಂಖ್ಯೆಯನ್ನು ನನ್ನ ಮೇಲೆ ಜೋಡಿಸುತ್ತಾರೆ. ಒಂದೊಂದು ಸಾಲಿಗೆ ಮೂರು ಗೂಡು, ಒಂದೊಂದು ಗೂಡಿಗೆ ಒಂದೊಂದು ಅಂಕಿಯ ಪಟ್ಟಿ. ಪಟ್ಟಿಗಳೆಲ್ಲ ಒಂದು ಹಳೆಯ ಬಿಸ್ಕಿಟ್ ಡಬ್ಬಿಯಲ್ಲಿರುತ್ತಿದ್ದವು. ಒಮ್ಮೆ ಪರವೂರಿನಿಂದ ಬಂದವರೊಬ್ಬರು ನನ್ನನ್ನು ಬಸ್ಸಿನ ವೇಳಾಪಟ್ಟಿ ಎಂದುಕೊಂಡು ಬಹಳ ಹೊತ್ತು ನೋಡಿದರು. ಇರಲಿ ಬಿಡಿ, ಅವರವರ ಅವಸರ ಅವರವರಿಗೆ.

ನನ್ನದೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಊರೆಲ್ಲ ನನ್ನ ಮುಖ ನೋಡಿ ಪುಸ್ತಕ ತೆರೆಯುತ್ತಿತ್ತು, ಆದರೆ ನನ್ನ ಮುಖದ ಮೇಲೆ ಏನಿದೆಯೆಂದು ನನಗೇ ಕಾಣುತ್ತಿರಲಿಲ್ಲ. ಜನ ಎದ್ದು ನಿಂತು ಹಾಡಿದಾಗಲೇ, ಓಹೋ, ಈ ವಾರ ನಾನು ಹೇಳುತ್ತಿದ್ದದ್ದು ಇದನ್ನೇ ಎಂದು ತಿಳಿಯುತ್ತಿತ್ತು. ಅದಕ್ಕೇ ಶನಿವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ನನಗೆ ಎಲ್ಲಿಲ್ಲದ ಹಂಬಲ. ಯಾವ ಹಾಡಿರಬಹುದು? ಯಾರು ಬರಬಹುದು? ಈ ಹಂಬಲದಲ್ಲೇ ನನ್ನ ಆಯುಷ್ಯ ಕಳೆಯಿತು ಅಂದರೂ ಸುಳ್ಳಲ್ಲ.

ಇನ್ನು ನನ್ನ ನಾಲ್ಕನೆಯ ಸಾಲಿನ ಮಾತು. ಸಭೆಯ ಹಿರಿಯರು ಹೇಳಿದ್ದು ಮೂರೇ ಸಾಲು. ಮತ್ತಾಯಪ್ಪ ತಂದು ನಿಲ್ಲಿಸಿದಾಗ ನಾಲ್ಕಿದ್ದವು.

“ಮೂರು ಸಾಲು ಅಂತ ಹೇಳಿದ್ವಲ್ಲಾ ಮತ್ತಾಯಪ್ಪ, ನಾಕ್ಯಾಕ ಕೊರದೀ?” ಎಂದು ಒಬ್ಬ ಹಿರಿಯರು ಕೇಳಿದರು.

“ಮೂರು ಅಯ್ನಾರಿಗೆ ಇರಲಿ. ನಾಕನೇದು ಬಾಯಿಬಿಟ್ಟು ಕೇಳಾಕ ಆಗದವರಿಗೆ,” ಎಂದರು ಮತ್ತಾಯಪ್ಪ.

ಹಿಂದಿನ ವರ್ಷ ಕ್ರಿಸ್ಮಸ್ಸಿಗೆ ಮೂರು ದಿನ ಇರುವಾಗ ಅವರ ಮಗಳು ತೀರಿಕೊಂಡಿದ್ದಳು. ಹಬ್ಬದ ದಿನ ದೇವಾಲಯದಲ್ಲಿ ಎಲ್ಲವೂ ಸಂತೋಷದ ಹಾಡುಗಳೇ. ಮತ್ತಾಯಪ್ಪನವರಿಗೆ ಒಂದೇ ಒಂದು ಬೇರೆ ಹಾಡು ಬೇಕಿತ್ತು, ದುಃಖವನ್ನು ಇಳಿಸಿಡಲಿಕ್ಕೆ ಒಂದು ಹಾಡು. ಹಬ್ಬದ ದಿನ ಹೇಗೆ ಕೇಳುವುದು? ಬಾಯಿ ಬರಲಿಲ್ಲ. ಒಂದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ನನ್ನ ಮೈಮೇಲೆ ಕೊರೆದರು.

ಆಗಿನ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಒಳ್ಳೆಯ ಮನುಷ್ಯ. ಅವರೇ ನಿಯಮ ಮಾಡಿದರು. ಬಳಲಿದವರು, ನೊಂದವರು ಯಾರೇ ಆಗಲಿ, ಭಾನುವಾರಕ್ಕೆ ಮುಂಚೆ ಬಂದು ನಾಲ್ಕನೆಯ ಸಾಲಿನಲ್ಲಿ ತಮಗೆ ಬೇಕಾದ ಸಂಖ್ಯೆ ಇಟ್ಟು ಹೋಗಬಹುದು. ಅಯ್ಯನವರ ಉಪದೇಶದ ಪ್ರಸಂಗ ಮುಗಿದ ಮೇಲೆ, ಆಶೀರ್ವಾದಕ್ಕೆ ಮುಂಚೆ, ಇಡೀ ಸಭೆ ಅವರಿಗಾಗಿ ಅದನ್ನು ಹಾಡಬೇಕು. ಯಾರು ಇಟ್ಟರೆಂದು ಯಾರೂ ಕೇಳಬಾರದು. ಹಾಡುವಾಗ ಯಾರೂ ತಿರುಗಿ ನೋಡಬಾರದು.

ಗೋಡೆಗೂ ಕಿವಿ ಇದೆ ಅನ್ನುತ್ತಾರಲ್ಲ, ನೆಲಗುದ್ರಿಯಲ್ಲಿ ಆ ಕಿವಿ ನಾನೇ. ಯಾರ್ಯಾರ ಕೈ ಬಂದವು! ಊರನ್ನೆಲ್ಲ ಗದರಿಸುತ್ತಿದ್ದ ಹವಾಲ್ದಾರರ ಕೈ ಮೆಲ್ಲಗೆ ಬಂತು. ಮದುವೆ ಮುರಿದ ಹುಡುಗಿಯ ಕೈ ಬಂತು, ಇನ್ನೂ ಮದರಂಗಿ ಆರಿರಲಿಲ್ಲ. ಒಂದು ಸಲ ಸ್ವತಃ ಅಯ್ಯನವರೇ ಅತ್ತಿತ್ತ ನೋಡಿ, ಕಳ್ಳನ ಹಾಗೆ ಬಂದು, ನಾಲ್ಕನೆಯ ಸಾಲಿಗೆ ಸಂಖ್ಯೆ ಇಟ್ಟು ಓಡಿಹೋದರು. ಭಾನುವಾರ ಏನೂ ಗೊತ್ತಿಲ್ಲದವರ ಹಾಗೆ, “ಯಾರೋ ಕೇಳಿದ್ದಾರೆ, ಹಾಡೋಣ,” ಎಂದರು. ನನಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಹೆಸರು ಮಾತ್ರ ಯಾರದನ್ನೂ ಹೇಳುವವನಲ್ಲ ನಾನು. ಹೇಳುವುದು ಒಬ್ಬರದೇ. ಅದೂ ಅವರೇ ಒಪ್ಪಿ ಹೋದ ಮೇಲೆ.

ಆ ಒಬ್ಬರು ತಬಿತಾ.

ಮತ್ತಾಯಪ್ಪನವರ ಕೈಗೆ ನಡುಕ ಶುರುವಾದಾಗ ಬಿಸ್ಕಿಟ್ ಡಬ್ಬಿಯನ್ನು ಯಾರ ಕೈಗೆ ಕೊಡುವುದೆಂಬ ಪ್ರಶ್ನೆ ಬಂತು. ಮಿಶನ್ ಆಸ್ಪತ್ರೆಗೆ ಆಗಷ್ಟೇ ನರ್ಸಾಗಿ ಸೇರಿದ್ದ ಇಪ್ಪತ್ತೆರಡರ ಹುಡುಗಿಯನ್ನು ಕರೆದು, “ಸೂಜಿ ಚುಚ್ಚೋ ಕೈ ನಡಗಂಗಿಲ್ಲವಾ. ಇದನ್ನ ನೀನಽ ಇಟ್ಕೋ,” ಎಂದು ಅವಳ ಮಡಿಲಿಗೆ ಹಾಕಿದರು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ, ಬಿಳಿ ಸೀರೆಯಲ್ಲೇ, ಡೆಟಾಲಿನ ವಾಸನೆಯೊಂದಿಗೆ ತಬಿತಾ ಬರುತ್ತಿದ್ದಳು. ಸ್ಟೂಲಿನ ಮೇಲೆ ಹತ್ತಿ ಮೂರು ಸಾಲು ಜೋಡಿಸುವಳು. ನಾಲ್ಕನೆಯದನ್ನು ಸೆರಗಿನಿಂದ ಒರೆಸಿ, ಖಾಲಿ ಬಿಟ್ಟು, ಡಬ್ಬಿಯನ್ನು ನನ್ನ ಕೆಳಗಿನ ಗೂಟಕ್ಕೆ ತೂಗುಹಾಕಿ ಹೋಗುವಳು.

ಏನು ಕಂಠ ಅಂತೀರಿ ಅವಳದು! ಮಗ್ಗದ ಮನೆಯ ಮಗಳು. ಅವಳ ತಾಯಿ ಕಂಡಿಕೆಗೆ ನೂಲು ಸುತ್ತುತ್ತ ಹಾಡುತ್ತಿದ್ದದ್ದನ್ನು ಕೇಳಿ ಕಲಿತವಳು. ಕೊನೆಯ ಬೆಂಚಿನಲ್ಲಿ ನಿಂತು ದನಿ ಎತ್ತಿದರೆ ಮೊದಲ ಬೆಂಚಿನವರ ಬೆನ್ನು ನೆಟ್ಟಗಾಗುತ್ತಿತ್ತು. ಹೊಸಬರು ತಪ್ಪು ರಾಗಕ್ಕೆ ಹೋದರೆ ಅವಳ ದನಿ ಹಿಂದಿನಿಂದ ಬಂದು ಕಿವಿ ಹಿಡಿದು ದಾರಿಗೆ ತರುತ್ತಿತ್ತು.

ಕಾಲ ಸರಿಯಿತು. ತಬಿತಾ ಊರಿನ ಬಾಯಲ್ಲಿ ತಬಿತಕ್ಕ ಆದಳು. ಸತ್ಯನಾಥ ಎಂಬ ಶಾಲೆಯ ಮಾಸ್ತರರನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಅವಳಿಗೆ ನಲವತ್ತಾದಾಗ ಗಂಡನಿಗೆ ಲಕ್ವಾ ಹೊಡೆಯಿತು. ಬಲಭಾಗವೂ ಹೋಯಿತು, ಮಾತೂ ಹೋಯಿತು. ಅಂದಿನಿಂದ ಬೆಳಿಗ್ಗೆ ಮನೆಯಲ್ಲೊಬ್ಬ ರೋಗಿ, ಹಗಲೆಲ್ಲ ವಾರ್ಡಿನ ತುಂಬ ರೋಗಿಗಳು, ಸಂಜೆ ಮತ್ತೆ ಮನೆಯ ರೋಗಿ. ಯಾರಾದರೂ ಕನಿಕರಿಸಿದರೆ, “ಅಯ್ಯ, ನನಗೇನಾಗೇತ್ರಿ? ಕರ್ತನು ನಡಸ್ತಾನ,” ಎಂದು ನಕ್ಕು ಮುಂದೆ ಹೋಗುವಳು. “ತಬಿತಕ್ಕಾರು ಅಂದ್ರ ಕಬ್ಬಿಣರೀ,” ಎಂದು ಜನ ಹೊಗಳುತ್ತಿದ್ದರು. ಹೊಗಳಿ ಹೊಗಳಿಯೇ ಅವಳನ್ನು ಒಂಟಿ ಮಾಡಿದರು. ಕಬ್ಬಿಣಕ್ಕೆ ಊಟ ಆಯಿತಾ ಎಂದು ಕೇಳುವವರು ಯಾರು? ದೀಪದ ಕೆಳಗೇ ಕತ್ತಲೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಆರೇಳು ವರ್ಷ ಕಳೆದ ಮೇಲೆ ಒಂದು ಭಾನುವಾರ ನನಗೆ ಏನೋ ಕಡಿಮೆಯಾದ ಹಾಗೆ ಕೇಳಿಸಿತು. ಹಾಡು ಅದೇ, ಹಾರ್ಮೋನಿಯಂ ಅದೇ. ಕೊನೆಯ ಬೆಂಚಿನಿಂದ ಮಾತ್ರ ದನಿ ಇಲ್ಲ. ನೋಡಿದರೆ ತಬಿತಾ ನಿಂತಿದ್ದಾಳೆ, ಪುಸ್ತಕ ತೆರೆದಿದ್ದಾಳೆ, ತುಟಿ ಮುಚ್ಚಿದೆ. ಗಂಟಲು ಕೆಟ್ಟಿರಬೇಕು ಎಂದುಕೊಂಡೆ. ಮರುವಾರವೂ ಹಾಗೆಯೇ. ತಿಂಗಳಾಯಿತು, ವರ್ಷವಾಯಿತು, ಎರಡು ವರ್ಷವಾಯಿತು. ಪ್ರತಿ ಶನಿವಾರ ಅವಳು ಬರುವಾಗ ನಾನು ಬೇಡಿಕೊಳ್ಳುತ್ತಿದ್ದೆ: ತಂಗೀ, ಎಷ್ಟು ಜನರ ನೋವಿಗೆ ಈ ಸಾಲನ್ನು ಒರೆಸಿಟ್ಟೆ, ಒಂದೇ ಒಂದು ಸಲ ನಿನಗಾಗಿ ಇಡಬಾರದೇ? ಹಲಗೆಯ ಪ್ರಾರ್ಥನೆಯನ್ನು ದೇವರು ಕೇಳುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೂ ಬೇಡಿದೆ.

ಸತ್ಯನಾಥ ಮಾಸ್ತರರು ಹಾಸಿಗೆ ಹಿಡಿದ ಒಂಬತ್ತನೆಯ ವರ್ಷ. ಆಷಾಢದ ಜಿಟಿಜಿಟಿ ಮಳೆ ಹದಿನೈದು ದಿನದಿಂದ ಬಿಟ್ಟಿರಲಿಲ್ಲ. ಹೆಂಚು ಸರಿದು ಗೋಡೆಯೆಲ್ಲ ತೇವ. ಶನಿವಾರ ಮಧ್ಯಾಹ್ನ ತಬಿತಾ ಬಂದಳು. ಮೂರು ಸಾಲು ಜೋಡಿಸಿದಳು. ನಾಲ್ಕನೆಯದನ್ನು ಒರೆಸಲು ಸೆರಗು ತೆಗೆದವಳು ಹಾಗೆಯೇ ನಿಂತಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕುಳಿತಳು.

“ನನಗ ಸಾಕಾಗೇತಿ ಕರ್ತನೇ,” ಎಂದಳು. ಖಾಲಿ ದೇವಾಲಯದಲ್ಲಿ ಆ ಮಾತು ದೊಡ್ಡದಾಗಿ ಕೇಳಿಸಿತು. “ಒಂಬತ್ತು ವರ್ಸ ಆತು. ಎತ್ತೂದು, ಹೊಳ್ಳಸೂದು, ತೊಳಿಯೂದು. ಮಲಗಿದ ಮನಿಶ್ಯಾನ ಮ್ಯಾಲ ಸಿಟ್ಟು ಬರತೈತಿ. ಇವತ್ತು ಮುಂಜಾನೆ ಗಂಜಿ ಉಗುಳಿದ್ರು ಅಂತ ಬಟ್ಟಲಾ ಕುಕ್ಕಿದೆ. ಅವರು ನನ್ನ ನೋಡಿ ಕಣ್ಣೀರು ಹಾಕಿದ್ರು. ನಿನ್ನ ಮ್ಯಾಲೂ ಸಿಟ್ಟು ಬರತೈತಿ ನೋಡು. ವಾರ್ಡಿನಾಗ ಎಲ್ಲಾರಿಗೂ ಪ್ರಾರ್ಥನಾ ಮಾಡ್ತೀನಿ. ಬಾಯಾಗ ಐತಿ, ಒಳಗ ಒಂದು ಹನಿ ಇಲ್ಲ. ಎಲ್ಲಿದ್ದೀ ನೀನು?”

ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಕೊನೆಗೆ ಎದ್ದು ಡಬ್ಬಿಯಲ್ಲಿ ಕೈಯಾಡಿಸಿದಳು. “ಮುನ್ನೂರ ಅರವತ್ತೇಳು. ಅವ್ವನ ಹಾಡು,” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಒಂದೊಂದಾಗಿ ಮೂರು, ಆರು, ಏಳು ಇಟ್ಟಳು. ನನ್ನ ಎದೆ ತುಂಬಿ ಬಂತು. ಹಲಗೆಗೆ ಎದೆ ಎಲ್ಲಿಯದು ಅನ್ನಬೇಡಿ, ಅವತ್ತು ಇತ್ತು.

ಇಟ್ಟವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮುಖ ಕೆಂಪಗಾಯಿತು. “ಛೀ! ನಾನಽ ಹಿಂಗ ಕುಂತ್ರ ಉಳಿದವರಿಗೆ ಧೈರ್ಯ ಹೇಳೋರು ಯಾರು?” ಎಂದು ಮತ್ತೆ ಸ್ಟೂಲು ಹತ್ತಿದಳು. ಮೂರನ್ನು ಕಿತ್ತಳು. ಏಳನ್ನು ಕಿತ್ತಳು. ಆರಕ್ಕೆ ಕೈ ಹಾಕಿದಳು.

ಆರು ಬರಲಿಲ್ಲ.

ಮಳೆಗೆ ಮರ ಉಬ್ಬಿತ್ತು ಅನ್ನುವವರು ಅನ್ನಲಿ. ನಾನು ಹಿಡಿದುಕೊಂಡೆ ಅನ್ನುತ್ತೇನೆ. ಜೀವಮಾನದಲ್ಲಿ ನಾನಾಗಿ ಮಾಡಿದ ಕೆಲಸ ಅದೊಂದೇ. ಉಗುರಿನಿಂದ ಎಬ್ಬಿಸಿದಳು, ಹೇರ್‌ಪಿನ್ನಿನಿಂದ ಮೀಟಿದಳು, ಅಂಗೈಯಿಂದ ಬಡಿದಳು. ಜಪ್ಪಯ್ಯ ಅಂದರೂ ಬಿಡಲಿಲ್ಲ ನಾನು. ಅಷ್ಟರಲ್ಲಿ ಗಂಡನಿಗೆ ಔಷಧಿ ಕೊಡುವ ಹೊತ್ತಾಯಿತು. “ನಾಳೆ ಮುಂಜಾನೆ ಲಗೂನ ಬಂದು ತೆಗೀತೀನಿ,” ಎಂದು ಡಬ್ಬಿ ತೂಗುಹಾಕಿ ಹೊರಟುಹೋದಳು.

ಭಾನುವಾರ ಬೆಳಿಗ್ಗೆ ವಾರ್ಡಿನಲ್ಲಿ ಹೆರಿಗೆಯೊಂದು ಕಷ್ಟವಾಗಿ ಅವಳು ಬೇಗ ಬರಲಾಗಲಿಲ್ಲ. ಓಡುತ್ತ ಬಂದು ಕೊನೆಯ ಬೆಂಚಿಗೆ ಸೇರುವಷ್ಟರಲ್ಲಿ ಮೊದಲ ಸಂಗೀತ ಮುಗಿದಿತ್ತು. ನನ್ನನ್ನು ನೋಡಿದಳು, ತಲೆ ಬಗ್ಗಿಸಿದಳು.

ಪ್ರಸಂಗ ಮುಗಿಯಿತು. ಆಗ ಇದ್ದವರು ಜಯಶೀಲ ಅಯ್ಯನವರು. ಚಿಕ್ಕ ವಯಸ್ಸು, ಸಭೆಗೆ ಹೊಸಬರು, ಗಡಿಯಾರದ ಮನುಷ್ಯ. ಹನ್ನೊಂದೂವರೆಗೆ ಆರಾಧನೆ ಮುಗಿಯಬೇಕೆಂದರೆ ಮುಗಿಯಲೇಬೇಕು. ಅವರು ನನ್ನ ಕಡೆ ನೋಡಿ, “ನಾಲ್ಕನೆಯ ಸಾಲಿನಲ್ಲಿ ಆರನೆಯ ಸಂಗೀತ ಇದೆ. ಹಾಡೋಣ,” ಎಂದರು.

ಹಾರ್ಮೋನಿಯಂ ದನಿ ಎತ್ತಲಿಲ್ಲ. ಜನ ಪುಸ್ತಕ ತೆರೆಯಲಿಲ್ಲ. ಗುಸುಗುಸು ಶುರುವಾಯಿತು. ಮೊದಲ ಬೆಂಚಿನಲ್ಲಿ ಬೆನ್ಯಾಮಿನಜ್ಜ ಕುಳಿತಿದ್ದರು. ಎಂಬತ್ತು ವರ್ಷದ ನೇಕಾರ, ಕಣ್ಣು ಹೋಗಿ ಹತ್ತು ವರ್ಷವಾಗಿತ್ತು, ಸಂಗೀತ ಪುಸ್ತಕ ಪೂರಾ ಬಾಯಿಪಾಠ. “ಏನಾತು?” ಎಂದು ಕೇಳಿದರು.

ಪಕ್ಕದವರು ಹೇಳಿದರು: “ಆರು ಐತಿ ಅಜ್ಜ. ಆದ್ರ ನಡುವಿನ ಗೂಡಿನಾಗ ಐತಿ. ಎರಡೂ ಕಡೆ ಖಾಲಿ.”

“ಹಂಗಿದ್ರ ಅದು ಆರನೇ ಸಂಗೀತ ಅಲ್ಲ,” ಎಂದರು ಅಜ್ಜ. “ಒಂಟಿ ಅಂಕಿ ಆದ್ರ ಬಲಕ್ಕ ತುದೀಗೂಡಿನಾಗ ಇಡ್ತಾರ. ಅಯ್ನಾರ, ಯಾರೋ ಕೇಳಾಕ ಬಂದು ಅರ್ಧಕ್ಕ ಕೈ ಹಿಂದ ತೊಗೊಂಡಾರ.”

ಅಯ್ಯನವರು ಸಭೆಯ ಕಡೆ ನೋಡಿದರು. ಯಾರು ಇಟ್ಟಿರಿ ಎಂದು ಕೇಳಲು ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿಕೊಂಡರು. “ಹಾಗಾದರೆ ಏನು ಹಾಡುವುದು?” ಎಂದರು.

ಬೆನ್ಯಾಮಿನಜ್ಜ ಕೋಲು ಊರಿ ಎದ್ದು ನಿಂತರು. “ಪೂರಾ ಕೇಳಿದವರಿಗಿಂತ ಅರ್ಧ ಕೇಳಿದವರ ಹಸಿವಿ ದೊಡ್ಡದಿರತೈತ್ರಿ. ಯಾರು ಅಂತ ಕೇಳೂಹಂಗಿಲ್ಲ. ಯಾವುದು ಅಂತ ಹುಡುಕೂದು ತಪ್ಪಲ್ಲಲ್ಲ? ನಡುವ ಆರು ಇರೋ ಸಂಗೀತ ಎಲ್ಲಾ ಹಾಡೂಣು. ಒಂದೊಂದರಾಗ ಒಂದೊಂದು ಚರಣ. ಅವುಗಳಾಗ ಒಂದು ಅವರದು ಇದ್ದಽ ಇರತೈತಿ.”

ಲೆಕ್ಕ ಹಾಕಿದರು. ಅರವತ್ತರಿಂದ ಅರವತ್ತೊಂಬತ್ತು ಹತ್ತು. ನೂರ ಅರವತ್ತರ ಹತ್ತು, ಇನ್ನೂರ ಅರವತ್ತರ ಹತ್ತು, ಮುನ್ನೂರ ಅರವತ್ತರ ಹತ್ತು. ಪುಸ್ತಕ ನಾನೂರಕ್ಕೇ ಮುಗಿಯುತ್ತಿತ್ತು, ಹಾಗಾಗಿ ಒಟ್ಟು ನಲವತ್ತು ಸಂಗೀತ. ಅಯ್ಯನವರು ಗಡಿಯಾರ ನೋಡಿದರು, ಮನೆಮನೆಯಲ್ಲಿ ಮಟನ್ ಸಾರು ಇಟ್ಟು ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಾರ್ಮೋನಿಯಂ ಮಾಸ್ತರರು ಏನೂ ಹೇಳದೆ ಅರವತ್ತನೆಯದನ್ನು ಎತ್ತಿದರು.

ಅಂಥ ಹಾಡುಗಾರಿಕೆಯನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಅರವತ್ತಮೂರನೆಯದು ಕ್ರಿಸ್ಮಸ್ ಹಾಡು. ಆಷಾಢದ ಮಳೆಯಲ್ಲಿ ಇಡೀ ಸಭೆ ಕ್ರಿಸ್ಮಸ್ ಹಾಡು ಹಾಡಿತು, ಮಕ್ಕಳು ಕಿಸಿಕಿಸಿ ನಕ್ಕರು. ನೂರ ಅರವತ್ತೈದು ಮದುವೆಯದು. ಇನ್ನೂರ ಅರವತ್ತೆರಡು ಮಳೆ ಬರಲಿ ಎಂದು ಬೇಡುವುದು. ಅದನ್ನು ಹಾಡುವಾಗ ಸೋರುತ್ತಿದ್ದ ಹೆಂಚನ್ನು ನೋಡಿ ದೊಡ್ಡವರೂ ನಕ್ಕರು. ಗಂಟಲು ಒಣಗಿತು, ಹೊಟ್ಟೆ ತಾಳ ಹಾಕಿತು, ಕೂಸುಗಳು ಅತ್ತವು, ಇಬ್ಬರು ಮೆಲ್ಲಗೆ ಬಾಗಿಲಿನಿಂದ ಜಾರಿಕೊಂಡರು. ಉಳಿದವರು ಹಾಡಿದರು. ಒಂದೊಂದು ಚರಣ ಮುಗಿದಾಗಲೂ ಒಂದು ಕ್ಷಣ ಸುಮ್ಮನೆ ನಿಲ್ಲುವರು, ಇದೇ ಏನು ನಿನ್ನದು, ಎಂದು ಕೇಳುವ ಹಾಗೆ. ಆಮೇಲೆ ಮುಂದಿನದು.

ಕೊನೆಯ ಬೆಂಚಿನಲ್ಲಿ ತಬಿತಾ ಕಲ್ಲಾಗಿ ನಿಂತಿದ್ದಳು. ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದಿದ್ದಳು. ನನಗೆ ಸಂಖ್ಯೆ ಗೊತ್ತು, ಹೇಳಲು ಬಾಯಿಲ್ಲ. ಆ ಸಂಕಟ ಯಾವ ವೈರಿಗೂ ಬೇಡ.

ಇನ್ನೂರ ಅರವತ್ತೊಂಬತ್ತು ಮುಗಿದಾಗ ಗಂಟೆ ಹನ್ನೆರಡೂಮುಕ್ಕಾಲು. ಅಯ್ಯನವರ ದನಿ ಹೊರಟುಹೋಗಿತ್ತು. “ಉಳಿದ ಹತ್ತನ್ನು ಮುಂದಿನ ಭಾನುವಾರ ಹಾಡೋಣ. ಎಲ್ಲರೂ ದಣಿದಿದ್ದೀರಿ,” ಎಂದರು.

ನನ್ನ ಜೀವ ಹಾರಿಹೋಯಿತು. ಮುಂದಿನ ಭಾನುವಾರದೊಳಗೆ ಅವಳು ಆ ಪಟ್ಟಿಯನ್ನು ಇಕ್ಕಳ ತಂದಾದರೂ ಕೀಳದೆ ಬಿಡುವವಳಲ್ಲ. ತಬಿತಾ ಕಣ್ಣು ಮುಚ್ಚಿಕೊಂಡಳು, ಕೈ ಬೆಂಚಿನಿಂದ ಸಡಿಲವಾಯಿತು.

“ಅಯ್ನಾರ,” ಎಂದರು ಬೆನ್ಯಾಮಿನಜ್ಜ, “ಇಷ್ಟು ದೂರ ಹುಡುಕಿಕೊಂಡು ಬಂದು, ಇನ್ನ ಹತ್ತು ಹೆಜ್ಜಿ ಇರೂಮುಂದ ತಿರುಗಿ ಹ್ವಾದ್ರ ಹ್ಯಾಂಗ್ರಿ?”

ತಪ್ಪಿಹೋದ ಒಂದು ಕುರಿಗಾಗಿ ಬೆಟ್ಟ ಹತ್ತಿದ ಕುರುಬನ ಕಥೆಯನ್ನು ಅಯ್ಯನವರು ಆ ಪೀಠದಿಂದ ಎಷ್ಟು ಸಲ ಹೇಳಿದ್ದರೋ. ಅವರ ಮುಖ ಚಿಕ್ಕದಾಯಿತು. ಗಡಿಯಾರವನ್ನು ಕೈಯಿಂದ ಬಿಚ್ಚಿ ಜೇಬಿಗೆ ಹಾಕಿದರು. “ಮುನ್ನೂರ ಅರವತ್ತು,” ಎಂದರು.

ಅರವತ್ತು, ಅರವತ್ತೊಂದು, ಅರವತ್ತೆರಡು. ಅರವತ್ತಾರು ಮುಗಿಯಿತು. ಹಾರ್ಮೋನಿಯಂ ಮಾಸ್ತರರು ಪುಟ ತಿರುಗಿಸಿದರು. ಅದು ಈ ಕಡೆಯ ಯಾರೋ ನೇಕಾರರೇ ಕಟ್ಟಿದ ಹಳೆಯ ಹಾಡು, ಈಚೆಗೆ ಯಾರೂ ಹಾಡುತ್ತಿರಲಿಲ್ಲ.

“ಹರಿದ ನೂಲಿಗೆ ಗಂಟನಿಕ್ಕುವ ಕರ್ತನೇ,
ಹರಿದೆ ನಾನೂ, ನನ್ನ ಹಿಡಿದುಕೊ ಕರ್ತನೇ.
ಬಲವು ಬತ್ತಿತು, ದಾರಿ ಉಳಿದಿದೆ ಕರ್ತನೇ,
ಇಂದಿನೊಂದು ದಿನಕೆ ಬಲ ಕೊಡು ಕರ್ತನೇ.”

ಮೊದಲ ಸಾಲು ಬೆನ್ಯಾಮಿನಜ್ಜನೊಬ್ಬರೇ ಹಾಡಿದರು. ಎರಡನೆಯ ಸಾಲಿಗೆ ಐದಾರು ಜನ ತಡವರಿಸುತ್ತ ಸೇರಿದರು. ಮೂರನೆಯ ಸಾಲಿಗೆ ಹಿಂದಿನಿಂದ ಒಂದು ದನಿ ಬಂತು. ಮೊದಲು ಒಡೆದ ದನಿ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. ಆಮೇಲೆ ಅದು ಎದ್ದಿತು. ಎರಡು ವರ್ಷ ನಾನು ಹಂಬಲಿಸಿದ ದನಿ! ಅಳುತ್ತಲೇ ಹಾಡಿದಳು, ಹಾಡುತ್ತಲೇ ಅತ್ತಳು. ಸಭೆಯ ದನಿ ತಾನಾಗಿ ತಗ್ಗಿ ಅವಳ ದನಿಯ ಕೆಳಗೆ ನಿಂತಿತು.

ಎಲ್ಲರಿಗೂ ಗೊತ್ತಾಯಿತು. ನೂರೈವತ್ತು ಜನರಿಗೂ ಆ ಕ್ಷಣ ಗೊತ್ತಾಯಿತು, ಕಬ್ಬಿಣ ಅಂದುಕೊಂಡದ್ದು ಕಬ್ಬಿಣವಲ್ಲ ಎಂದು. ಎತ್ತರದಿಂದ ಅವರೆಲ್ಲರ ಮುಖ ನಾನು ನೋಡಿದೆ, ಕಣ್ಣು ತುಂಬಿದ್ದವು. ಆದರೂ ಒಬ್ಬರೂ ತಿರುಗಿ ನೋಡಲಿಲ್ಲ. ಮಕ್ಕಳು ಸಹ ನೋಡಲಿಲ್ಲ. ಇಷ್ಟು ದೊಡ್ಡ ಮರ್ಯಾದೆಯನ್ನು ಒಂದು ಸಭೆ ಒಬ್ಬಳಿಗೆ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವಳ ಹಾಡು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಲೂ ಇಲ್ಲ. ನಿಲ್ಲಿಸಿದ್ದರೆ ಗೊತ್ತಾಯಿತೆಂದು ಹೇಳಿದ ಹಾಗಾಗುತ್ತಿತ್ತು. ಅರವತ್ತೆಂಟನ್ನೂ ಅರವತ್ತೊಂಬತ್ತನ್ನೂ ಹಾಡಿ ಮುಗಿಸಿ, ಆಶೀರ್ವಾದ ಪಡೆದು ಮನೆಗೆ ಹೋದರು. ಅಂದು ನೆಲಗುದ್ರಿಯ ಅರ್ಧ ಮನೆಗಳಲ್ಲಿ ಸಾರು ಸೀದಿತ್ತಂತೆ.

ಸತ್ಯನಾಥ ಮಾಸ್ತರರು ಗುಣವಾಗಲಿಲ್ಲ. ಮತ್ತೆ ನಾಲ್ಕು ವರ್ಷ ಹಾಸಿಗೆಯಲ್ಲೇ ಇದ್ದು ಹೋದರು. ಆದರೆ ಆ ಸೋಮವಾರ ಸಂಜೆ ಹವಾಲ್ದಾರರು ತಬಿತಾಳ ಮನೆಗೆ ಬಂದು, “ಮಾಸ್ತರ ಕೂಡ ಸ್ವಲ್ಪ ಕುಂತು ಹೋಗೂಣಂತ ಬಂದೆ. ನೀವು ಮಲಗ್ರಿ ಅಕ್ಕಾರ,” ಎಂದರಂತೆ. ಮಂಗಳವಾರ ಇನ್ನೊಬ್ಬರು, ಬುಧವಾರ ಮತ್ತೊಬ್ಬರು. ಯಾರೂ ಯಾಕೆಂದು ಹೇಳಲಿಲ್ಲ. ಮುಂದಿನ ಶನಿವಾರ ತಬಿತಾ ನನ್ನ ಮುಂದೆ ನಿಂತು ಇದನ್ನೆಲ್ಲ ಹೇಳಿ, “ನನ್ನ ಭಾರ ಏನೂ ಕಡಿಮಿ ಆಗಿಲ್ಲ. ಆದ್ರ ಎತ್ತಾಕ ಬರತೈತಿ ಈಗ,” ಎಂದಳು. ಆರನ್ನು ಕೀಳಲು ಇಕ್ಕಳ ತಂದಿದ್ದಳು. ಕೀಳದೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಆರು ಉಳಿಯಿತು. ಮಳೆ ನಿಂತು ಬೇಸಿಗೆ ಬಂದರೂ ಉಳಿಯಿತು. ನಾಲ್ಕನೆಯ ಸಾಲಿಗೆ ಬಂದವರು ಆಮೇಲೆ ನಡುವೆ ಆರು ಇರುವ ಹಾಡುಗಳಲ್ಲೇ ಒಂದನ್ನು ಆರಿಸಿಕೊಳ್ಳುವುದು ರೂಢಿಯಾಯಿತು. ನಲವತ್ತರಲ್ಲಿ ತಮ್ಮದೊಂದು ಸಿಗದೇ ಹೋದವರು ಕಡಿಮೆ.

ಕಾಲ ಯಾರನ್ನು ಬಿಟ್ಟಿದೆ? ಬೆನ್ಯಾಮಿನಜ್ಜ ಹೋದರು. ಜಯಶೀಲ ಅಯ್ಯನವರಿಗೆ ವರ್ಗವಾಯಿತು. ಹೊಸ ಸಂಗೀತ ಪುಸ್ತಕ ಬಂತು, ಅದರ ಬೆನ್ನಿಗೆ ಗೋಡೆಯ ಮೇಲೆ ದೊಡ್ಡ ಪರದೆ ಬಂತು. ಹಾಡಿನ ಸಾಲುಗಳೇ ಬೆಳಕಿನಲ್ಲಿ ಮೂಡುವಾಗ ಸಂಖ್ಯೆ ಯಾರಿಗೆ ಬೇಕು? ನನ್ನನ್ನು ಇಳಿಸಿ ಹಿಂದಿನ ಸಾಮಾನಿನ ಕೋಣೆಗೆ ತಂದಿಟ್ಟರು. ಇಲ್ಲಿ ನನ್ನ ಜೊತೆ ಕಾಲು ಮುರಿದ ಬೆಂಚು, ಕ್ರಿಸ್ಮಸ್ ನಕ್ಷತ್ರದ ಬಿದಿರಿನ ಕಟ್ಟು, ಹಳೆಯ ಸಂಗೀತ ಪುಸ್ತಕಗಳ ರಾಶಿ, ನನ್ನ ಬಿಸ್ಕಿಟ್ ಡಬ್ಬಿ. ದೂರು ಹೇಳುತ್ತಿಲ್ಲ. ಪರದೆಯ ಹಾಡುಗಳೂ ಚೆನ್ನಾಗಿವೆ, ಗೋಡೆಯ ಮೂಲಕ ಕೇಳಿಸುತ್ತವೆ. ಆದರೆ ಆ ಪರದೆಗೆ ನಾಲ್ಕನೆಯ ಸಾಲು ಇಲ್ಲ. ಕೇಳಲು ಬಾಯಿ ಬರದವರು ಈಗ ಏನು ಮಾಡುತ್ತಾರೆ ಎಂದು ಪ್ರತಿ ಶನಿವಾರ ಮಧ್ಯಾಹ್ನ ನನಗೆ ಯೋಚನೆಯಾಗುತ್ತದೆ. ಯಾರದಾದರೂ ಒಂದು ಕೈ ಬಂದು ಮುಟ್ಟಲಿ ಎಂದು ಜೀವ ಎಳೆಯುತ್ತದೆ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ತೆರೆಯಿತು. ಕೋಲು ಊರಿಕೊಂಡು ತಬಿತಾ ಬಂದಳು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಬಾಗಿದೆ. ಡೆಟಾಲಿನ ವಾಸನೆ ಇರಲಿಲ್ಲ, ಕೈ ಮಾತ್ರ ಅದೇ. ಮುರಿದ ಬೆಂಚಿನ ಮೇಲೆ ಕುಳಿತು, ಸೆರಗಿನಿಂದ ನನ್ನ ಧೂಳು ಒರೆಸಿದಳು. ನಾಲ್ಕನೆಯ ಸಾಲಿಗೆ ಬಂದಾಗ ಬೆರಳು ಆರಕ್ಕೆ ತಗುಲಿತು. ಎಳೆದು ನೋಡಿದಳು. ಅದು ಬರಲಿಲ್ಲ.

“ಇನ್ನೂ ಬಿಟ್ಟಿಲ್ಲೇನಪಾ ನೀ?” ಎಂದು ನಕ್ಕಳು.

ಬಿಡಲಿಲ್ಲ ತಂಗೀ. ಬಿಡು ಎಂದು ನನಗೆ ಯಾರೂ ಹೇಳಲಿಲ್ಲ.

“ಅವತ್ತು ನಾಚಿಕಿಗೆ ಅರ್ಧಕ್ಕ ಕಿತ್ತಿದ್ದೆ. ಈಗ ನನಗ್ಯಾರ ನಾಚಿಕಿ?” ಎಂದು ಡಬ್ಬಿಯ ಮುಚ್ಚಳ ತೆರೆದಳು. ಬಹಳ ಹೊತ್ತು ಹುಡುಕಿ ಮೂರನ್ನು ತೆಗೆದು ಆರರ ಎಡಕ್ಕೆ ಇಟ್ಟಳು. ಏಳನ್ನು ಬಲಕ್ಕೆ ಇಟ್ಟಳು. ಸೂಜಿ ಚುಚ್ಚಿದ ಕೈ, ಈಗ ನಡುಗುತ್ತಿತ್ತು. ಆಮೇಲೆ ಒಬ್ಬಳೇ ಕುಳಿತು ಅವ್ವನ ಹಾಡನ್ನು ಹಾಡಿದಳು, ನಾಲ್ಕೂ ಚರಣ. ಹೊರಡುವಾಗ, ಬಾಗಿಲು ಹಾಕಲು ಬಂದ ಈಗಿನ ಅಯ್ಯನವರ ಹೆಂಡತಿಗೆ ಈ ಕಥೆಯನ್ನೆಲ್ಲ ಬಾಯಿಬಿಟ್ಟು ಹೇಳಿ, “ಎಲ್ಲಾರಿಗೂ ಹೇಳ್ರವಾ, ನನ್ನ ಹೆಸರು ಹಾಕಿಽ ಹೇಳ್ರಿ. ಮತ್ತ ಈ ಬಾಗಿಲಿಗೆ ಕೀಲಿ ಹಾಕಬ್ಯಾಡ್ರಿ,” ಎಂದಳು.

ಜೀವಮಾನವೆಲ್ಲ ನನ್ನ ಮುಖದ ಮೇಲೆ ಏನಿದೆಯೆಂದು ಬೇರೆಯವರ ಬಾಯಿಂದಲೇ ತಿಳಿದವನು ನಾನು. ಈಗ ಯಾರೂ ಹಾಡದಿದ್ದರೂ ನನಗೆ ಗೊತ್ತು. ಹರಿದ ನೂಲಿನ ಹಾಡನ್ನು ಮುಖದ ಮೇಲಿಟ್ಟುಕೊಂಡು ಈ ಮೂಲೆಯಲ್ಲಿ ಕುಳಿತಿದ್ದೇನೆ. ಆದರೂ ಹಂಬಲ ಹೋಗಿಲ್ಲ. ಬಾಗಿಲಿಗೆ ಕೀಲಿ ಇಲ್ಲ, ಗಾಳಿಗೆ ಅದು ಅಲುಗಿದಾಗಲೆಲ್ಲ ಯಾರೋ ಬಂದರು ಅನ್ನಿಸುತ್ತದೆ.

ಹೋದ ಶನಿವಾರ ಅಲುಗಿದ್ದು ಗಾಳಿಗಲ್ಲ. ಯಾರೋ ಒಳಗೆ ಬಂದು ನನ್ನ ಮುಂದೆ ಬಹಳ ಹೊತ್ತು ನಿಂತರು. ಬೆರಳಿನಿಂದ ಆರನ್ನು ಮುಟ್ಟಿದರು. ರಾಶಿಯಿಂದ ಹಳೆಯ ಸಂಗೀತ ಪುಸ್ತಕವೊಂದನ್ನು ಎಳೆದು, ಧೂಳು ಊದಿ, ಪುಟ ಹುಡುಕಿ, ನನ್ನ ಮುಖದ ಮೇಲಿದ್ದ ಹಾಡನ್ನೇ ಮೆಲ್ಲನೆ ಹಾಡತೊಡಗಿದರು. ಮೂರನೆಯ ಸಾಲಿಗೆ ದನಿ ಒಡೆಯಿತು. ನಾಲ್ಕನೆಯದಕ್ಕೆ ಎದ್ದಿತು.

ಯಾರು ಬಂದಿದ್ದರು ಅಂತೀರಾ? ಅದನ್ನು ಮಾತ್ರ ಕೇಳಬೇಡಿ.